ಎದುರು ಗಾಳಿಯಲ್ಲಿ ಪತ್ತೇಮಾರಿ ಹೇಗೆ ಹೋಗುತ್ತಿತ್ತು?

ಪ್ರಶ್ನೆ: ಹಿಂದೆ ನಮ್ಮ ಕಾಸರಗೋಡು, ಕುಂಬಳೆ ಕಡೆಯ ಪತ್ತೇಮಾರಿಗಳು ಮುಂಬೈವರೆಗೂ ಹೋಗಿ ಬರುತ್ತಿದ್ದವು ಎಂದು ಹಿರಿಯರು ಹೇಳುತ್ತಾರೆ. ಎಂಜಿನ್ ಇಲ್ಲ, ಬರೀ ಹಾಯಿ. ಗಾಳಿ ಒಂದೇ ಕಡೆಯಿಂದ ಬೀಸುತ್ತಿದ್ದರೆ ಹೋದ ಹಡಗು ವಾಪಸ್ ಬರುವುದು ಹೇಗೆ?

ಉತ್ತರ: ತುಂಬ ಜನ ಕೇಳುವ ಪ್ರಶ್ನೆ ಇದು. ಆದರೆ ನಮ್ಮ ಕರಾವಳಿಯಲ್ಲಿ ಇದನ್ನು ತಿರುವಿ ಕೇಳಬೇಕು. ಮಳೆಗಾಲ ಮುಗಿದ ಮೇಲೆ ಇಲ್ಲಿ ಹಗಲಿನ ಗಾಳಿ ಜಾಸ್ತಿ ಬೀಸುವುದು ವಾಯವ್ಯದಿಂದ. ಹಾಗಾಗಿ ಮುಂಬೈಯಿಂದ ಕೆಳಗೆ ಬರುವುದು ಸಲೀಸು. ಕಷ್ಟವೆಲ್ಲ ಇಲ್ಲಿಂದ ಮೇಲೆ ಹೋಗುವಾಗಲೇ.

ಪತ್ತೇಮಾರಿ ಭಾರೀ ಹಡಗೇನಲ್ಲ. ಎರಡು ಹಾಯಿಕಂಬ, ಕೆಲವಕ್ಕೆ ಮೂರು. 1834ರಲ್ಲಿ ಜಾನ್ ಎಡಿ ಎಂಬ ಬ್ರಿಟಿಷ್ ಹಡಗು ತಜ್ಞ ಬರೆದಿಟ್ಟ ಲೆಕ್ಕದ ಪ್ರಕಾರ ದೊಡ್ಡ ಪತ್ತೇಮಾರಿಯ ಉದ್ದ ಸುಮಾರು 76 ಅಡಿ, ಹೊರುವ ಸರಕು ಸುಮಾರು 200 ಟನ್. ಕಂಬಗಳು ಮುಂದಕ್ಕೆ ಬಾಗಿರುತ್ತವೆ. ಪ್ರತಿ ಕಂಬಕ್ಕೆ ಓರೆಯಾಗಿ ಒಂದು ಉದ್ದನೆಯ ಮರ, ಆ ಮರಕ್ಕೆ ಕಟ್ಟಿದ ಮುಕ್ಕೋನದ ಹಾಯಿ. ಗುಟ್ಟು ಇರುವುದು ಈ ಮುಕ್ಕೋನದಲ್ಲೇ.

ಗಾಳಿ ಹಾಯಿಯನ್ನು ಓರೆಯಾಗಿ ತಳ್ಳುತ್ತದೆ. ನೀರಿನೊಳಗಿರುವ ಉದ್ದನೆಯ ಒಡಲು ಪಕ್ಕಕ್ಕೆ ಸರಿಯಲು ಬಿಡುವುದಿಲ್ಲ. ನಡುವೆ ಸಿಕ್ಕಿಬಿದ್ದ ಹಡಗಿಗೆ ಉಳಿಯುವ ದಾರಿ ಮುಂದಕ್ಕೆ ಮಾತ್ರ. ಬೆರಳ ನಡುವೆ ಒತ್ತಿದ ಒದ್ದೆ ಹಲಸಿನ ಬೀಜ ಚಿಮ್ಮುತ್ತದಲ್ವಾ, ಹಾಗೆ. ಗಾಳಿಯ ಮುಖಕ್ಕೆ ನೇರ ಹೋಗಲು ಆಗುವುದಿಲ್ಲ. ಓರೆಯಾಗಿ ಹೋಗಬಹುದು. ಒಮ್ಮೆ ಈ ಕಡೆ, ಇನ್ನೊಮ್ಮೆ ಆ ಕಡೆ.

ಕೇಳಲು ಸುಲಭ. ಆದರೆ ಈ ಹಾಯಿಯ ಹಡಗನ್ನು ಒಂದು ಮಗ್ಗುಲಿನಿಂದ ಇನ್ನೊಂದಕ್ಕೆ ತಿರುಗಿಸುವುದು ದೊಡ್ಡ ಕೆಲಸ. ಮೂತಿಯನ್ನು ಗಾಳಿಗೆ ಒಡ್ಡಿ ತಿರುಗಿಸಿದರೆ ಹಾಯಿ ಕಂಬಕ್ಕೆ ಅಪ್ಪಳಿಸಿ ಹಡಗು ನಿಂತೇಬಿಡಬಹುದು. ಅದಕ್ಕೇ ಗಾಳಿಗೆ ಬೆನ್ನು ಹಾಕಿ ಸುತ್ತು ಹೊಡೆಯುತ್ತಾರೆ. ಅಷ್ಟರಲ್ಲಿ ಖಲಾಸಿಗಳು, ಅಂದರೆ ಹಡಗಿನ ಕೆಲಸಗಾರರು, ಹಾಯಿಯ ಹಗ್ಗ ಸಡಿಲಿಸಿ, ಓರೆ ಮರವನ್ನು ನೆಟ್ಟಗೆ ಎತ್ತಿ, ಕಂಬದ ಮುಂದಿನಿಂದ ಆಚೆ ಮಗ್ಗುಲಿಗೆ ದಾಟಿಸಿ, ಮತ್ತೆ ಹಗ್ಗ ಬಿಗಿಯಬೇಕು. ಒಬ್ಬನ ಕೈ ಜಾರಿದರೂ ಅಪಾಯ. ಇಷ್ಟೆಲ್ಲ ಮಾಡುವುದರೊಳಗೆ ಹಡಗು ಕಷ್ಟಪಟ್ಟು ಏರಿದ ದಾರಿಯಲ್ಲಿ ಒಂದಿಷ್ಟು ಹಿಂದಕ್ಕೆ ಬಂದಿರುತ್ತದೆ.

ಆದ್ದರಿಂದ ಬುದ್ಧಿವಂತ ತಂಡೇಲ (ಹಡಗಿನ ಮುಖ್ಯಸ್ಥ) ಹಾಯಿಗಿಂತ ಹೊತ್ತನ್ನು ನಂಬುತ್ತಿದ್ದ. ಹಗಲು ನೆಲ ಬೇಗ ಕಾಯುತ್ತದೆ, ಮಧ್ಯಾಹ್ನದ ಹೊತ್ತಿಗೆ ಕಡಲಿನಿಂದ ಗಾಳಿ ಬರುತ್ತದೆ. ರಾತ್ರಿ ನೆಲ ಬೇಗ ತಣಿಯುತ್ತದೆ, ಗಾಳಿ ಘಟ್ಟದ ಕಡೆಯಿಂದ ಕಡಲಿಗೆ ಹೊರಡುತ್ತದೆ. ಚಳಿಗಾಲದಲ್ಲಿ ಈ ಮೂಡುಗಾಳಿ ಬೆಳಗಿನವರೆಗೂ ಚೆನ್ನಾಗಿ ಬೀಸುತ್ತದೆ. ಉತ್ತರಕ್ಕೆ ಹೋಗುವ ಹಡಗಿಗೆ ಅದು ಪಕ್ಕದ ಗಾಳಿ. ಹೀಗಾಗಿ ರಾತ್ರಿಯಿಡೀ ದಡದಿಂದ ಸ್ವಲ್ಪ ಹೊರಗೆ ಸರಿಯುತ್ತಾ ಮೇಲಕ್ಕೆ ಓಡಿ, ಮಧ್ಯಾಹ್ನ ಕಡಲಗಾಳಿ ಎದ್ದಾಗ ಅದೇ ಗಾಳಿಯಲ್ಲಿ ದಡದ ಕಡೆಗೆ ವಾಲಿಕೊಂಡು ಇನ್ನಷ್ಟು ಏರುತ್ತಿದ್ದರು. ದಿನಕ್ಕೆ ಒಂದೆರಡು ಸಲ ಹಾಯಿ ಬದಲಿಸಿದರೆ ಸಾಕು. ಗಾಳಿ ತೀರಾ ಉತ್ತರಕ್ಕೆ ತಿರುಗಿತೋ, ಲಂಗರು ಹಾಕಿ ಅನ್ನ ಬೇಯಿಸಿಕೊಂಡು ಕೂರುವುದು. ಇನ್ನೊಂದು ಉಪಕಾರವೂ ಇತ್ತು: ನವೆಂಬರಿನಿಂದ ಫೆಬ್ರವರಿಯವರೆಗೆ ನಮ್ಮ ಕರಾವಳಿಯ ನೀರಿನ ಸೆಳೆತ ಉತ್ತರಕ್ಕೇ ಹರಿಯುತ್ತದೆ.

ದ್ವೀಪಗಳ ದಾರಿ ಬೇರೆಯೇ. ಈಗ ಲಕ್ಷದ್ವೀಪಕ್ಕೆ ಸೇರಿರುವ ಅಮಿನಿ, ಕಿಲ್ತಾನ್, ಚೆತ್ಲತ್ ಮೊದಲಾದ ಅಮಿನ್‌ದೀವಿ ದ್ವೀಪಗಳು 1956ರವರೆಗೆ ನಮ್ಮ ಕಾಸರಗೋಡು ತಾಲೂಕಿನ ಹಾಗೆಯೇ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದವು. ಅಲ್ಲಿಂದ ತೆಂಗಿನ ನಾರು, ಕೊಬ್ಬರಿ ಬರುತ್ತಿತ್ತು, ಇಲ್ಲಿಂದ ಅಕ್ಕಿ ಹೋಗುತ್ತಿತ್ತು. ವ್ಯಾಪಾರ ಹಳೆಯದು. 1514ರ ಸುಮಾರಿಗೆ ಕುಂಬಳೆಗೆ ಬಂದ ಪೋರ್ಚುಗೀಸ್ ಪ್ರವಾಸಿ ಬಾರ್ಬೋಸಾ, ಇಲ್ಲಿನವರು ಮಾಲ್ದೀವ್ಸಿಗೆ ಅಕ್ಕಿ ಕೊಟ್ಟು ನಾರು ತರುತ್ತಾರೆ ಎಂದು ಬರೆದಿದ್ದಾನೆ. ಅಮಿನಿಯಿಂದ ಮಂಗಳೂರು ಈಶಾನ್ಯಕ್ಕಿದೆ. ವಾಯವ್ಯದ ಗಾಳಿ ಹಡಗಿನ ಪಕ್ಕಕ್ಕೇ ಬೀಳುತ್ತದೆ, ಹೋಗುವಾಗಲೂ ಬರುವಾಗಲೂ. ಗಾಳಿಯ ಮಟ್ಟಿಗೆ ಇದಕ್ಕಿಂತ ಒಳ್ಳೆ ದಾರಿ ಸಿಗುವುದು ಕಷ್ಟ.

ಅಲ್ಲಿ ತೊಂದರೆ ಗಾಳಿಯದ್ದಲ್ಲ, ಗುರಿಯದ್ದು. ತೆಂಗಿನ ಮರದಷ್ಟೂ ಎತ್ತರವಿಲ್ಲದ ನೆಲ; ಸ್ವಲ್ಪ ತಪ್ಪಿದರೂ ಕಾಣದು. ಅದಕ್ಕೆ ಧ್ರುವ ನಕ್ಷತ್ರ. ಕೈ ನೀಟಾಗಿ ಚಾಚಿ ಮುಷ್ಟಿ ಹಿಡಿದರೆ ಸುಮಾರು ಹತ್ತು ಡಿಗ್ರಿ. ಅಮಿನಿಯಲ್ಲಿ ಧ್ರುವ ನಕ್ಷತ್ರ ಬಾನಂಚಿನಿಂದ ಒಂದು ಮುಷ್ಟಿಗಿಂತ ಚೂರು ಮೇಲೆ, ಮುಂಬೈಯಲ್ಲಿ ಹೆಚ್ಚುಕಮ್ಮಿ ಎರಡು ಮುಷ್ಟಿ. ಇನ್ನೂ ನಿಖರವಾಗಿ ಅಳೆಯಲು ಅರಬ್ಬರ ಕಾಲದಿಂದಲೂ ಬಳಕೆಯಲ್ಲಿದ್ದ ಕಮಾಲ್ ಇತ್ತು: ಚಿಕ್ಕ ಮರದ ಹಲಗೆ, ನಡುವಿನಿಂದ ಊರಿಗೊಂದು ಗಂಟು ಹಾಕಿದ ದಾರ. ಗಂಟನ್ನು ಹಲ್ಲಿನಲ್ಲಿ ಕಚ್ಚಿ ದಾರ ಬಿಗಿ ಮಾಡಿ ಹಲಗೆ ಎತ್ತಿ ಹಿಡಿಯುವುದು. ಕೆಳಗಿನ ಅಂಚು ಬಾನಂಚಿಗೆ, ಮೇಲಿನ ಅಂಚು ನಕ್ಷತ್ರಕ್ಕೆ ತಾಗಿದರೆ ಆ ಗಂಟಿನ ಊರಿನ ಸಾಲಿಗೆ ಬಂದಿದ್ದೇವೆ ಎಂದರ್ಥ. ಆಮೇಲೆ ನೇರ ಪಡುವಣಕ್ಕೋ ಮೂಡಣಕ್ಕೋ ಹೊರಳಿದರಾಯಿತು.

ಮಳೆಗಾಲದಲ್ಲಿ ಮಾತ್ರ ಈ ಯಾವ ಜಾಣತನವೂ ನಡೆಯುವುದಿಲ್ಲ. ಪಡುಗಾಳಿ ಹಡಗನ್ನು ದಡಕ್ಕೇ ತಳ್ಳುತ್ತದೆ. ಅಳಿವೆಯ ಮರಳುದಿಣ್ಣೆಯ ಮೇಲೆ ಅಲೆ ಒಡೆಯುತ್ತದೆ. ಚಂದ್ರಗಿರಿ ಹೊಳೆಯ ಬಾಯಲ್ಲಿ ಆಟಿ ತಿಂಗಳಲ್ಲಿ ಒಮ್ಮೆ ನಿಂತು ನೋಡಿ, ಗೊತ್ತಾಗುತ್ತದೆ. ಅದಕ್ಕೇ ಹಡಗನ್ನು ಹೊಳೆಯೊಳಗೆ ತಂದು ದಡ ಹತ್ತಿಸಿ, ತೆಂಗಿನ ಮಡಲಿನ ಮಾಡು ಕಟ್ಟಿ, ಹಲಗೆಗಳಿಗೆ ಮೀನೆಣ್ಣೆ ಬಳಿದು ಇಡುತ್ತಿದ್ದರು. ನೂಲ ಹುಣ್ಣಿಮೆಗೆ ಕಡಲಿಗೆ ತೆಂಗಿನಕಾಯಿ ಅರ್ಪಿಸಿದ ಮೇಲೆಯೇ ಹೊಸ ಹಂಗಾಮು.

1907ರಲ್ಲಿ ರೈಲು ಮಂಗಳೂರು ಮುಟ್ಟಿತು, ಆಮೇಲೆ ಲಾರಿ ಬಂತು, ಹಡಗಿಗೇ ಎಂಜಿನ್ ಬಂತು. ಮಂಗಳೂರಿನ ಹಳೆ ಬಂದರಿನಿಂದ ಲಕ್ಷದ್ವೀಪಕ್ಕೆ ತರಕಾರಿ, ಸಿಮೆಂಟು ಹೊತ್ತು ಹೋಗುವ ಮಂಜಿ ಎಂಬ ಮರದ ಹಡಗುಗಳು ಈಗಲೂ ಇವೆ. ಡೀಸೆಲ್ ಎಂಜಿನ್ ಇದ್ದರೂ ಮಳೆಗಾಲದಲ್ಲಿ ಅವು ಹೊರಡುವುದಿಲ್ಲ.