ಕರ್ನಲ್‌ನಲ್ಲಿ ಮೆಮೊರಿ ಸೋರಿದರೆ ಹಿಡಿಯೋದು ಹೇಗೆ?

ಮಾಮೂಲಿ ಪ್ರೋಗ್ರಾಮ್ ಒಂದು ಪಡೆದ ಮೆಮೊರಿಯನ್ನು ವಾಪಸ್ ಕೊಡಲು ಮರೆತರೆ ದೊಡ್ಡ ತಲೆನೋವೇನಲ್ಲ. ಅದನ್ನು ಮುಚ್ಚಿದ ಕೂಡಲೇ ಕರ್ನಲ್, ಅಂದರೆ ಆಪರೇಟಿಂಗ್ ಸಿಸ್ಟಮ್‌ನ ತಿರುಳು, ಎಲ್ಲವನ್ನೂ ವಸೂಲಿ ಮಾಡುತ್ತದೆ. ಆದರೆ ಕರ್ನಲ್ಲೇ ಮರೆತರೆ? ವಸೂಲಿಗೆ ಯಾರೂ ಇಲ್ಲ, ಮೆಷಿನ್ ರೀಬೂಟ್ ಆಗುವವರೆಗೂ ಅದು ಹೋದ ಹಾಗೇ.

ಮರೆಯುವುದು ಹೆಚ್ಚಾಗಿ ಎಡವಿದಾಗ. ಡಿವೈಸ್ ನಡೆಸುವ ಕರ್ನಲ್ ಕೋಡ್ ಆದ ಡ್ರೈವರ್ ಒಂದು ಬಫರ್ (ಡೇಟಾ ಇಡಲು ಮೆಮೊರಿಯ ತುಂಡು) ಪಡೆಯುತ್ತದೆ, ಇಂಟರಪ್ಟ್ (ಡಿವೈಸ್ ಕರ್ನಲ್ ಅನ್ನು ಕರೆಯುವ ಸಂಕೇತ) ಕೇಳುತ್ತದೆ, ಮೂರನೇ ಹೆಜ್ಜೆಯಲ್ಲಿ ಡಿವೈಸ್ ಉತ್ತರಿಸುವುದಿಲ್ಲ. ಎರರ್ ಕೋಡ್ ಹಿಡಿದು ಫಂಕ್ಷನ್ ಹೊರಗೆ ಬರುತ್ತದೆ, ಬಫರ್ ಅಲ್ಲೇ ಉಳಿಯುತ್ತದೆ. ಅಪರೂಪಕ್ಕೆ ಓಡುವ ಕೋಡ್ ಇದು. ಟೆಸ್ಟಿಂಗ್‌ನಲ್ಲಿ ಸಿಗುವುದು ಕಷ್ಟ.

1994ರಲ್ಲಿ ಸನ್ ಕಂಪನಿಯ ಜೆಫ್ ಬಾನ್‌ವಿಕ್ ತಮ್ಮ ಕಂಪನಿಯ ಆಪರೇಟಿಂಗ್ ಸಿಸ್ಟಮ್ ಸೋಲಾರಿಸ್‌ನ ಸ್ಲ್ಯಾಬ್ ಅಲೊಕೇಟರ್, ಅಂದರೆ ಕರ್ನಲ್‌ನೊಳಗೆ ಮೆಮೊರಿ ಹಂಚುವ ಭಾಗದ ಬಗ್ಗೆ ಬರೆದರು. ಗುರಿ ಇದ್ದದ್ದು ವೇಗ. ಆದರೆ ಒಂದೊಂದು ಬಗೆಯ ಆಬ್ಜೆಕ್ಟ್‌ಗೂ ಬೇರೆ ಬೇರೆ ಕ್ಯಾಶ್ (ಸಂಗ್ರಹ) ಬಂದಿದ್ದರಿಂದ ಯಾವುದು ಎಷ್ಟಿದೆ ಅನ್ನುವ ಲೆಕ್ಕವೂ ಸಿಕ್ಕಿತು. ಲಿನಕ್ಸ್ ಕೂಡ ಇದೇ ದಾರಿ ಹಿಡಿಯಿತು. ಅಲ್ಲಿ ಈ ಲೆಕ್ಕ ತೋರಿಸುವ ಸ್ಲ್ಯಾಬ್‌ಟಾಪ್ ಕಮಾಂಡ್ ಓಡಿಸಿದಾಗ ಕೆಮ್ಯಾಲಾಕ್-64 (64 ಬೈಟ್ ತುಂಡುಗಳ ಕ್ಯಾಶ್) ಅನ್ನುವ ಸಾಲು ಬೆಳೆಯುತ್ತಲೇ ಇದೆ ಅಂದುಕೊಳ್ಳಿ. 40 ಬೈಟ್ ಕೇಳಿದವರಿಗೂ 60 ಬೈಟ್ ಕೇಳಿದವರಿಗೂ ಅಲ್ಲಿಂದಲೇ ಹಂಚಿಕೆ. ಸೋರುತ್ತಿದೆ ಅಂತ ಗೊತ್ತಾಯಿತು, ಸೋರಿಸಿದವರು ಯಾರು? ವಿಂಡೋಸ್‌ನವರು ಪ್ರತಿ ತುಂಡಿಗೂ ನಾಲ್ಕಕ್ಷರದ ಟ್ಯಾಗ್ ಅಂಟಿಸಿ ಇದಕ್ಕೆ ಸುಲಭದ ಉತ್ತರ ಕಂಡುಕೊಂಡರು.

ಲಿನಕ್ಸ್‌ಗೆ 2009ರಲ್ಲಿ, 2.6.31 ಆವೃತ್ತಿಯಲ್ಲಿ, ಕ್ಯಾಟಲಿನ್ ಮರಿನಾಸ್ ಬರೆದ, ಸೋರಿಕೆ ಹುಡುಕುವ ಕೆಮೆಮ್‌ಲೀಕ್ ಸೇರಿತು. ಉಪಾಯ ಕೆಲವು ಭಾಷೆಗಳಲ್ಲಿ ಬಳಕೆಯಲ್ಲಿಲ್ಲದ ಮೆಮೊರಿಯನ್ನು ತಾನೇ ವಾಪಸ್ ಪಡೆಯುವ ಗಾರ್ಬೇಜ್ ಕಲೆಕ್ಟರ್‌ನದೇ. ಸುಮಾರು 10 ನಿಮಿಷಕ್ಕೊಮ್ಮೆ ಕರ್ನಲ್‌ನ ಮೆಮೊರಿಯನ್ನು ಜಾಲಾಡಿ, ಪ್ರತಿ ತುಂಡಿನ ವಿಳಾಸ ಎಲ್ಲಾದರೂ ಬರೆದಿದೆಯಾ ಅಂತ ನೋಡುತ್ತದೆ. ಎಲ್ಲೂ ಇಲ್ಲದಿದ್ದರೆ ಅದನ್ನು ಬಿಡಿಸಲು ಯಾರಿಂದಲೂ ಆಗಲ್ಲ ಅಲ್ವಾ? ತುಂಡಿನ ಸೈಜು, ಅದನ್ನು ಪಡೆದ ಫಂಕ್ಷನ್‌ಗಳ ಸರಣಿ, ಎರಡನ್ನೂ ಮುಂದಿಡುತ್ತದೆ. ಆದರೆ ಸುಮ್ನೆ ಒಂದು ಸಂಖ್ಯೆ ವಿಳಾಸದಂತೆ ಕಂಡರೂ ಮೋಸ ಹೋಗುತ್ತದೆ. ಭಾರವೂ ಜಾಸ್ತಿ, ಹಾಗಾಗಿ ಇದು ಡೆವಲಪರ್‌ಗಳ ಮೆಷಿನ್‌ಗೇ ಸರಿ.

ನನ್ನನ್ನು ಕೇಳಿದರೆ ನಿಜವಾದ ಕಾಟ ಬೇರೆಯದು: ಲಿಸ್ಟ್‌ಗೆ ಸೇರಿಸಿ, ತೆಗೆಯುವುದನ್ನು ಮರೆತ ಆಬ್ಜೆಕ್ಟ್. ವಿಳಾಸ ಲಿಸ್ಟ್‌ನಲ್ಲೇ ಇರುತ್ತದೆ, ಆದ್ದರಿಂದ ಕೆಮೆಮ್‌ಲೀಕ್ ಚಕಾರ ಎತ್ತುವುದಿಲ್ಲ.

ಇಂಥದ್ದಕ್ಕೆ 2024ರ ಲಿನಕ್ಸ್ 6.10ರಲ್ಲಿ ಬಂದ ಅಲೊಕೇಶನ್ ಪ್ರೊಫೈಲಿಂಗ್ ಕೆಲಸಕ್ಕೆ ಬರುತ್ತದೆ. ಮೆಮೊರಿ ಪಡೆಯುವ ಒಂದೊಂದು ಜಾಗಕ್ಕೂ ಒಂದು ಲೆಕ್ಕ. ಹೊರೆ ಕಡಿಮೆ, ಓಡುತ್ತಿರುವ ಸರ್ವರ್‌ನಲ್ಲೂ ಬಳಸಬಹುದು. ಗಂಟೆ ಬಿಟ್ಟು ಎರಡು ಸಲ ಓದಿ, ಕಳೆದು ನೋಡಿ. ಉಬ್ಬುತ್ತಿರುವುದು ಯಾವ ಫೈಲಿನ ಎಷ್ಟನೇ ಸಾಲು ಅಂತ ಕಾಣುತ್ತದೆ. ವಾಪಸ್ ಯಾಕೆ ಬಂದಿಲ್ಲ ಅನ್ನುವುದನ್ನು ಮಾತ್ರ ಕೋಡ್ ಓದಿಯೇ ಹುಡುಕಬೇಕು.