ಪದ ಪರಿಚಯ: ನೌಕಾ ಫ್ಯಾಂಟಸಿ

ಇತಿಹಾಸದ ಯಾವುದೋ ಒಂದು ನಿಜವಾದ ಕಾಲ. ಹಾಯಿಹಡಗು, ತೋಪು, ಮದ್ದು, ರಾಜಮನೆತನ ಎಲ್ಲ ಆ ಕಾಲದ್ದೇ. ಅದರೊಳಗೆ ಲೇಖಕರು ಒಂದೇ ಒಂದು ಸುಳ್ಳು ಸೇರಿಸುತ್ತಾರೆ: ಇಲ್ಲಿ ಮಂತ್ರ ಫಲಿಸುತ್ತದೆ. ಆಮೇಲೆ ಆ ಮಂತ್ರವನ್ನು ಹಡಗು ಹತ್ತಿಸಿ ಯುದ್ಧಕ್ಕೆ ಕಳಿಸುತ್ತಾರೆ. ಇಂಥ ಕಾದಂಬರಿಯೇ ಐತಿಹಾಸಿಕ ನೌಕಾ ಫ್ಯಾಂಟಸಿ.

‘ಐತಿಹಾಸಿಕ’ ಅನ್ನುವುದನ್ನು ಸುಮ್ನೆ ಸೇರಿಸಿಲ್ಲ. ಪೂರ್ತಿ ಕಲ್ಪಿತ ಲೋಕದಲ್ಲಿ ನಡೆಯುವ ಕಡಲ್ಗಳ್ಳರ ಕಥೆಗಳು ಬೇಕಾದಷ್ಟಿವೆ. ಅವು ಇದರ ನೆಂಟರು, ಅಷ್ಟೇ. ಅಲ್ಲಿ ಕಡಲೂ ಲೇಖಕರದ್ದು, ಗಾಳಿಯೂ ಲೇಖಕರದ್ದು. ಇಲ್ಲಿ ಹಾಗಲ್ಲ. ಯುದ್ಧ ನಡೆದ ದಿನ ಗೊತ್ತು, ಎಷ್ಟು ಹಡಗು ಅಂತ ಗೊತ್ತು, ಗೆದ್ದವರು ಯಾರು ಅಂತಲೂ ಗೊತ್ತು. ಅಷ್ಟು ಗೊತ್ತಿರುವ ಕಡೆ ಮಾಯೆ ಕಾಲಿಟ್ಟರೆ ಏನೇನು ಕದಲುತ್ತದೆ ಅನ್ನುವುದೇ ಓದಿನ ಸುಖ.

ನಮ್ಮ ಹುಬ್ಬಳ್ಳಿ-ಧಾರವಾಡದವರಿಗೆ ಕಡಲು ನೋಡಬೇಕೆಂದರೆ ಯಲ್ಲಾಪುರ ದಾಟಿ, ಅರಬೈಲ್ ಘಟ್ಟ ಇಳಿದು ಅಂಕೋಲೆಗೆ ಹೋಗಬೇಕು. ಹಡಗಿನ ಭಾಗಗಳ ಹೆಸರು ನಮ್ಮ ಬಾಯಿಗೆ ಬರುವುದಿಲ್ಲ. ಅದೇನು ದೊಡ್ಡ ಕೊರತೆಯಲ್ಲ. ಈ ಕಾದಂಬರಿಗಳನ್ನು ಓದಲು ಮೊದಲು ತಿಳಿಯಬೇಕಾದದ್ದು ಗಾಳಿಯ ವಿಷಯ.

ದೊಡ್ಡ ಹಾಯಿಹಡಗು ಗಾಳಿಗೆ ಎದುರಾಗಿ ನೇರ ಸಾಗಲಾರದು. ಓರೆಯಾಗಿ ಅತ್ತ ಒಮ್ಮೆ, ಇತ್ತ ಒಮ್ಮೆ ಹೊರಳುತ್ತಾ ಹೋಗಬೇಕು. ಹಾಗಾಗಿ ಎರಡು ಹಡಗುಪಡೆ ಎದುರಾದಾಗ, ಗಾಳಿ ಬರುವ ಕಡೆ ಇದ್ದವರ ಕೈ ಮೇಲು. ಯಾವಾಗ ಮೈಮೇಲೆ ಬೀಳಬೇಕು, ಎಲ್ಲಿ ಬೀಳಬೇಕು ಅಂತ ನಿರ್ಧರಿಸುವವರು ಅವರು. ಇನ್ನೊಂದು ಮಾತು: ತೋಪುಗಳು ಇರುವುದು ಹಡಗಿನ ಎರಡು ಮಗ್ಗುಲಲ್ಲಿ. ಮುಂದೆ, ಹಿಂದೆ ಇರುವುದು ತೀರಾ ಕಡಿಮೆ. ಅಂದರೆ ಶತ್ರುವಿಗೆ ಮೂತಿ ಕೊಟ್ಟ ಹಡಗು ಏಟು ತಿನ್ನುತ್ತದೆ, ತಿರುಗಿ ಏಟು ಕೊಡಲಾರದು.

ಈಗ ಒಂದು ನಿಜವಾದ ಯುದ್ಧವನ್ನು ಹತ್ತಿರದಿಂದ ನೋಡೋಣ. 1805ರ ಅಕ್ಟೋಬರ್ 21, ಸ್ಪೇನಿನ ಟ್ರಫಾಲ್ಗರ್ ಭೂಶಿರದ ಹತ್ತಿರ. ಬ್ರಿಟಿಷರ 27 ದೊಡ್ಡ ಯುದ್ಧಹಡಗು, ಫ್ರೆಂಚ್ ಮತ್ತು ಸ್ಪೇನಿನವರದ್ದು ಸೇರಿ 33. ಬ್ರಿಟಿಷ್ ಹಡಗುಪಡೆಯ ನಾಯಕ ನೆಲ್ಸನ್ ತನ್ನ ಹಡಗುಗಳನ್ನು ಎರಡು ಸಾಲು ಮಾಡಿ ಶತ್ರುವಿನ ಸಾಲಿನೊಳಕ್ಕೇ ನುಗ್ಗಿಸಿದ. ಗಾಳಿ ಅವನ ಕಡೆಗಿತ್ತು, ಆದರೆ ತೀರಾ ಮಂದ. ಬೆಳಗಿನ ಹೊತ್ತಿಗೇ ಕಂಡ ಶತ್ರುವನ್ನು ಮುಟ್ಟುವಷ್ಟರಲ್ಲಿ ಮಧ್ಯಾಹ್ನವಾಯಿತು. ನೆಲ್ಸನ್‌ನ ‘ವಿಕ್ಟರಿ’ ಹಡಗಿನಲ್ಲಿ 104 ತೋಪುಗಳಿದ್ದವು. ಕೊನೆಯ ಆ ದೂರವನ್ನು ದಾಟುವಾಗ ಅವು ಹೆಚ್ಚುಕಡಿಮೆ ಸುಮ್ಮನಿರಬೇಕಾಯಿತು. ಎದುರಿನವರ ಗುಂಡು ಮಾತ್ರ ಬರುತ್ತಲೇ ಇತ್ತು. ಸಾಲು ಸೀಳಿ, ಫ್ರೆಂಚ್ ನಾಯಕ ಹಡಗಿನ ಹಿಂಭಾಗಕ್ಕೆ ಬಂದಾಗಲೇ ವಿಕ್ಟರಿಯ ಮಗ್ಗುಲ ತೋಪುಗಳು ಒಂದಾದ ಮೇಲೊಂದು ಹಾರಿದ್ದು.

ಇಲ್ಲಿ ಫ್ರೆಂಚರ ಕಡೆ ಒಬ್ಬ ಮಾಂತ್ರಿಕ ಇದ್ದಾನೆ ಎಂದುಕೊಳ್ಳಿ. ಅವನು ಬೆಂಕಿ ಉಗುಳಬೇಕಿಲ್ಲ, ಸಿಡಿಲು ಇಳಿಸಬೇಕಿಲ್ಲ. ವಿಕ್ಟರಿ ಅರ್ಧ ಕಿಲೋಮೀಟರ್ ದೂರದಲ್ಲಿರುವಾಗ ಅರ್ಧ ಗಂಟೆ ಗಾಳಿ ನಿಲ್ಲಿಸಿದರೆ ಸಾಕು. ಹಾಯಿ ಜೋತುಬೀಳುತ್ತದೆ. ಹಡಗು ಮೂತಿ ಮುಂದೆ ಮಾಡಿ ನಿಂತುಬಿಡುತ್ತದೆ. ಆದರೆ ಫ್ರೆಂಚರ ಹಾಯಿಗೂ ಗಾಳಿ ಇಲ್ಲವಲ್ಲ! ಅವರೂ ತಿರುಗಲಾರರು, ಜಾಗ ಬಿಡಲಾರರು. ಬ್ರಿಟಿಷರು ದೋಣಿ ಇಳಿಸಿ, ಹಗ್ಗ ಕಟ್ಟಿ, ಹುಟ್ಟು ಹಾಕುತ್ತಾ ವಿಕ್ಟರಿಯನ್ನು ಎಳೆಯಲು ನೋಡುತ್ತಾರೆ. ಮಾಂತ್ರಿಕನ ಉಸಿರು ಎಷ್ಟು ಹೊತ್ತು ತಡೆಯುತ್ತದೆ? ದೋಣಿಯವರ ತೋಳು ಎಷ್ಟು ಹೊತ್ತು ತಡೆಯುತ್ತದೆ? ಕಥೆ ಹುಟ್ಟುವುದು ಇಲ್ಲಿ. ಮಂತ್ರ ಯುದ್ಧವನ್ನು ಗೆದ್ದುಕೊಡಬಾರದು, ಯುದ್ಧದ ಲೆಕ್ಕವನ್ನು ಬದಲಿಸಬೇಕು. ಈ ಪ್ರಕಾರದಲ್ಲಿ ಒಳ್ಳೆಯ ಕಾದಂಬರಿಯನ್ನೂ ಜೊಳ್ಳು ಕಾದಂಬರಿಯನ್ನೂ ನಾನು ಬೇರೆ ಮಾಡುವುದು ಇದೊಂದರಿಂದಲೇ.

ಇಂಗ್ಲಿಷಿನಲ್ಲಿ ಇದನ್ನು ಚೆನ್ನಾಗಿ ಸಾಧಿಸಿದ ಒಂದು ಸನ್ನಿವೇಶ ಸುಸಾನಾ ಕ್ಲಾರ್ಕ್ ಅವರ 2004ರ ‘ಜೊನಾಥನ್ ಸ್ಟ್ರೇಂಜ್ ಅಂಡ್ ಮಿಸ್ಟರ್ ನೊರೆಲ್’ನಲ್ಲಿದೆ. ಅಲ್ಲಿ ಮಾಂತ್ರಿಕ ಮಳೆಯಿಂದಲೇ ಹಡಗುಗಳನ್ನು ಮಾಡಿ ಫ್ರೆಂಚ್ ಬಂದರುಗಳ ಮುಂದೆ ನಿಲ್ಲಿಸುತ್ತಾನೆ. ಒಂದು ಗುಂಡೂ ಹಾರುವುದಿಲ್ಲ. ಫ್ರೆಂಚರು ಹೊರಗೆ ಬರಲು ಅಂಜುತ್ತಾರೆ. ಆ ಕಾಲದಲ್ಲಿ ಬ್ರಿಟಿಷರು ನಿಜಕ್ಕೂ ಫ್ರೆಂಚ್ ಬಂದರುಗಳನ್ನು ವರ್ಷಗಟ್ಟಲೆ ಮುತ್ತಿ ಕೂತಿದ್ದರು. ಮಾಯೆ ಆ ನಿಜವಾದ ತಂತ್ರದ ಮೇಲೆಯೇ ಕೂತಿದೆ, ಅದಕ್ಕೇ ಕೃತಕ ಅನ್ನಿಸುವುದಿಲ್ಲ.

ಇನ್ನು ಬೆಲೆಯ ಮಾತು. ಎಷ್ಟು ಬೇಕಾದರೂ, ಯಾವಾಗ ಬೇಕಾದರೂ ಮಂತ್ರ ಹಾಕಬಹುದು ಎಂದಾದರೆ ಹಡಗೇ ಬೇಡ, ಅಲ್ವಾ? ಉತ್ತರ ಯುರೋಪಿನ ನಾವಿಕರಲ್ಲಿ ಒಂದು ಹಳೆಯ ನಂಬಿಕೆ ಇತ್ತು. ಮಾಟಗಾರರು ಗಾಳಿಯನ್ನು ಹಗ್ಗದ ಮೂರು ಗಂಟುಗಳಲ್ಲಿ ಕಟ್ಟಿ ಮಾರುತ್ತಿದ್ದರಂತೆ. ಮೊದಲ ಗಂಟು ಬಿಚ್ಚಿದರೆ ತಂಗಾಳಿ, ಎರಡನೆಯದಕ್ಕೆ ಬಿರುಗಾಳಿ, ಮೂರನೆಯದಕ್ಕೆ ಹಡಗನ್ನೇ ನುಂಗುವ ತೂಫಾನು. ಮೂರೇ ಗಂಟು. ಬಿಚ್ಚಿದ್ದು ಮತ್ತೆ ಕಟ್ಟಲು ಬರುವುದಿಲ್ಲ. ಇಡೀ ಕಾದಂಬರಿ ನಡೆಸಲು ಇಷ್ಟು ನಿಯಮ ಸಾಕು.

ನಿಯಮವಿರುವ ಮಾಯೆಯನ್ನು ನಾವು ಹೊರಗಿನಿಂದ ಕಲಿಯಬೇಕಿಲ್ಲ. ಗದುಗಿನ ವೀರನಾರಾಯಣನ ಗುಡಿಯಲ್ಲಿ ಕೂತು ಕುಮಾರವ್ಯಾಸ ಬರೆದ ಅಂತ ನಾವು ನಂಬುವ ಭಾರತದಲ್ಲಿ ಇದೆಲ್ಲ ಇದೆ. ಆಗ್ನೇಯಾಸ್ತ್ರಕ್ಕೆ ವಾರುಣಾಸ್ತ್ರ ಎದುರು. ಇಂದ್ರ ಕೊಟ್ಟ ಶಕ್ತಿ ಕರ್ಣನಿಗೆ ಒಂದೇ ಸಲ. ಅರ್ಜುನನಿಗೆಂದು ಕಾದಿಟ್ಟದ್ದನ್ನು ಘಟೋತ್ಕಚನ ಮೇಲೆ ಬಿಡಬೇಕಾಗುತ್ತದೆ. ಆ ರಾತ್ರಿ ಕರ್ಣ ಗೆದ್ದ, ಆದರೆ ಯುದ್ಧ ಅವನ ಕೈತಪ್ಪಿತು. ಭಾರತ ಓದುವುದನ್ನು, ಕೇಳುವುದನ್ನು ರೂಢಿ ಮಾಡಿಕೊಂಡವರಿಗೆ ನೌಕಾ ಫ್ಯಾಂಟಸಿಯ ಅರ್ಧ ಪಾಠ ಆಗಲೇ ಬಂದಿದೆ.

ಉಳಿದರ್ಧ, ಅಂದರೆ ಹಡಗು, ಅದೂ ನಮ್ಮ ಶಾಸನದಲ್ಲಿದೆ. 634ರ ಐಹೊಳೆ ಶಾಸನದಲ್ಲಿ ರವಿಕೀರ್ತಿ, ಇಮ್ಮಡಿ ಪುಲಕೇಶಿ ಪಡುವಣ ಕಡಲಿನ ಪುರಿ ಎಂಬ ಪಟ್ಟಣವನ್ನು ಮುತ್ತಿದ್ದನ್ನು ಹೇಳುತ್ತಾನೆ. ಮದವೇರಿದ ಆನೆಗಳಂಥ ನೂರಾರು ನಾವೆಗಳು. ಆಗ ಆಕಾಶ ಕಡಲಿನಂತೆ, ಕಡಲು ಆಕಾಶದಂತೆ ಆಯಿತಂತೆ. ರವಿಕೀರ್ತಿ ಹೇಳಿದ್ದು ಮೋಡ ಕವಿದ ಬಾನಿನ ವರ್ಣನೆ. ಕಾದಂಬರಿಕಾರರು ಅದನ್ನು ಇದ್ದಂತೆಯೇ, ನಿಜ ಎಂದೇ ಹಿಡಿಯಬಹುದು: ಬಾದಾಮಿಯ ಅರಸನ ಹಡಗುಗಳು ಆಕಾಶದ ಕಡೆಯಿಂದ ಬಂದವು! ಮುಂಬೈನ ಬೊರಿವಲಿ ಹತ್ತಿರದ ಎಕ್ಸರ್‌ನಲ್ಲಿ ಹುಟ್ಟು ಹಾಕುವ ಹಡಗುಗಳ ಕಾಳಗ ಕೆತ್ತಿದ ವೀರಗಲ್ಲುಗಳೂ ಇವೆ. ಹಾನಗಲ್ಲು, ಹಾವೇರಿ ಕಡೆ ಓಡಾಡಿದವರಿಗೆ ವೀರಗಲ್ಲಿನ ರೀತಿ ಗೊತ್ತು. ಕೆಳಗಿನ ಪಟ್ಟಿಯಲ್ಲಿ ಕಾದಾಟ, ಅದರ ಮೇಲೆ ಸತ್ತ ವೀರನನ್ನು ಕರೆದೊಯ್ಯುವ ಅಪ್ಸರೆಯರು, ತುದಿಯಲ್ಲಿ ಶಿವಲಿಂಗ. ನಡೆದದ್ದೂ ನಂಬಿದ್ದೂ ಒಂದೇ ಕಲ್ಲಿನಲ್ಲಿ.

ಐತಿಹಾಸಿಕ ಕಾದಂಬರಿಯನ್ನು ಕನ್ನಡಿಗರ ಮನೆಮನೆಗೆ ಮುಟ್ಟಿಸಿದವರಲ್ಲಿ ದೊಡ್ಡ ಹೆಸರು ಹಾವೇರಿ ಸೀಮೆಯ ಗಳಗನಾಥರದ್ದು. ಆ ದಾರಿಯಲ್ಲಿ ಕಡಲಿಗೆ ಇಳಿಯುವ ಕಾದಂಬರಿ ಬರಬೇಕು ಅನ್ನುವುದು ನನ್ನ ಆಸೆ. ಅದಕ್ಕೆ ನಾನು ಆರಿಸುವ ವರ್ಷ 1510.

ಆ ವರ್ಷದ ಆರಂಭದಲ್ಲಿ ಪೋರ್ಚುಗೀಸರ ಅಲ್ಬುಕರ್ಕ್ ಗೋವೆಯನ್ನು ಹಿಡಿದ. ಹೊನ್ನಾವರ ಕಡೆಯ ತಿಮ್ಮಯ್ಯ ಅವನಿಗೆ ಜೊತೆ ಕೊಟ್ಟಿದ್ದ. ಮೇ ತಿಂಗಳಲ್ಲಿ ಬಿಜಾಪುರದ ಆದಿಲಶಾಹಿ ಸೈನ್ಯ ಊರನ್ನು ವಾಪಸ್ ತೆಗೆದುಕೊಂಡಿತು. ಅಲ್ಬುಕರ್ಕ್ ಹಡಗು ಹತ್ತಿದ, ಆದರೆ ಅಷ್ಟರಲ್ಲಿ ಮುಂಗಾರು ಬಂತು. ಮುಂಗಾರಿನಲ್ಲಿ ಪಡುವಣ ಕರಾವಳಿಯಲ್ಲಿ ಹಾಯಿಹಡಗು ಕಡಲಿಗಿಳಿಯುವುದು ಸಾವಿಗೆ ಸಮ. ಆಗಸ್ಟ್‌ವರೆಗೆ ಇಡೀ ಹಡಗುಪಡೆ ಮಾಂಡೋವಿ ನದಿಯೊಳಗೆ ಸಿಕ್ಕಿಬಿತ್ತು. ದಡದಿಂದ ಗುಂಡು, ಹೊಟ್ಟೆಗೆ ಹಿಟ್ಟಿಲ್ಲ. ಮಳೆ ಇಳಿದ ಮೇಲೆ ಹೊರಬಿದ್ದ ಅಲ್ಬುಕರ್ಕ್, ನವೆಂಬರ್ 25ರಂದು ಮತ್ತೆ ಬಂದು ಗೋವೆಯನ್ನು ಗೆದ್ದ.

ಮಾಂಡೋವಿ ಅಂದರೆ ನಮ್ಮ ಮಹದಾಯಿ. ನರಗುಂದ, ನವಲಗುಂದದವರು ಯಾವ ನೀರಿಗಾಗಿ ವರ್ಷಗಟ್ಟಲೆ ಧರಣಿ ಕೂತರೋ ಅದೇ ಹೊಳೆ, ಘಟ್ಟದ ಕೆಳಗೆ. ಆ ಆಷಾಢದಲ್ಲಿ ಬಿಜಾಪುರದ ಕಡೆ ಮಳೆಯನ್ನು ಹಿಡಿದಿಡಬಲ್ಲ ಒಬ್ಬ ಫಕೀರನನ್ನೋ, ಘಟ್ಟದ ಮೇಲಿನ ಒಬ್ಬ ಜೋಗಿಯನ್ನೋ ನಿಲ್ಲಿಸಿ. ಮುಂಗಾರು ಇನ್ನೂ ಒಂದು ತಿಂಗಳು ಸುರಿಯುತ್ತಲೇ ಇರುವಂತೆ ಮಾಡಿದರೆ ಅಲ್ಬುಕರ್ಕ್ ಹಸಿವಿನಿಂದ ಸಾಯುತ್ತಾನೆ, ಗೋವೆ ಉಳಿಯುತ್ತದೆ. ಆದರೆ ಆ ಮಳೆಯನ್ನು ಎಲ್ಲಿಂದಲೋ ತರಬೇಕಲ್ಲ. ಕರಾವಳಿಯಲ್ಲಿ ಹೆಚ್ಚಾಗಿ ಸುರಿದದ್ದು ಬಯಲುಸೀಮೆಯ ಪಾಲಿನದು ಎಂದು ನಿಯಮ ಮಾಡಿ. ಆಗ ಅವನು ಯಾರ ಹೊಲ ಒಣಗಿಸಿ ಆ ಹಡಗುಗಳನ್ನು ತಡೆಯುತ್ತಾನೆ ಅನ್ನುವುದನ್ನು ಲೇಖಕರು ಮೊದಲ ಅಧ್ಯಾಯಕ್ಕೆ ಮುಂಚೆಯೇ ನಿರ್ಧರಿಸಿಕೊಂಡಿರಬೇಕು.