ಗುಡ್ಡೆಯ ನೀರು ಯಾರದ್ದು?

ಕೇರಳದ ಕಾಸರಗೋಡು ಜಿಲ್ಲೆಯ ಬಾಯಾರು ಕಡೆ, ನೀರಿಗಾಗಿ ಗುಡ್ಡೆಯ ಒಳಕ್ಕೆ ಅಡ್ಡಲಾಗಿ ಕೊರೆದ ಯಾವುದಾದರೂ ಸುರಂಗದ ಬಾಯಲ್ಲಿ ನಿಂತು ನೋಡಿ. ಒಬ್ಬರು ಬಗ್ಗಿ ನಡೆಯುವಷ್ಟೇ ಜಾಗ. ಮುರಕಲ್ಲಿನ ಗೋಡೆಯಲ್ಲಿ ಪಿಕ್ಕಾಸಿನ ಗುರುತು. ಬೆರಳು ದಪ್ಪದ ನೀರು ಒಳಗಿಂದ ಹರಿದು ಬಂದು, ಸೀಳಿದ ಅಡಿಕೆ ಮರದ ದಂಬೆಯಲ್ಲಿ ಇಳಿದು, ತೋಟದ ತಲೆಯಲ್ಲಿರುವ ಕೆರೆಗೆ ಬೀಳುತ್ತದೆ. ಪಂಪೂ ಬೇಡ, ಕರೆಂಟೂ ಬೇಡ. ಅಗೆಯುವವರು ಒಳಗೆ ಮೇಣದಬತ್ತಿ ಹಚ್ಚಿಟ್ಟುಕೊಳ್ಳುತ್ತಿದ್ದರು. ಅದು ನಂದಿದರೆ ಗಾಳಿ ಸಾಲದು ಎಂದರ್ಥ, ಕೂಡಲೇ ಹೊರಗೆ ಬರಬೇಕು.

ಸುರಂಗದ ದೊಡ್ಡ ಗುಣ ಒಂದಿದೆ. ಗುಡ್ಡೆ ಬಿಟ್ಟುಕೊಟ್ಟಷ್ಟೇ ನೀರು ಸಿಗುತ್ತದೆ. ಆಸೆ ಎಷ್ಟೇ ಜಾಸ್ತಿಯಾದರೂ ಎಳೆದು ತೆಗೆಯಲು ಬರುವುದಿಲ್ಲ.

ಕೊಳವೆ ಬಾವಿ ಬಂದ ಮೇಲೆ ಈ ಮಿತಿ ಹೋಯಿತು. ತಮಿಳುನಾಡಿನ ತಿರುಚೆಂಗೋಡಿನಿಂದ ಬಾವಿ ಕೊರೆಯುವ ರಿಗ್ ಲಾರಿ ಅಂಗಳಕ್ಕೆ ಬಂದರೆ ಒಂದೇ ದಿನದಲ್ಲಿ ನೂರಾರು ಅಡಿ ಆಳಕ್ಕೆ ಇಳಿಯುತ್ತದೆ. ಅಡಿಕೆ ತೋಟ ಬೇಸಗೆಯಲ್ಲಿ ಒಣಗುವಾಗ ಬೋರ್ ಕೊರೆಸಿದವರನ್ನು ನಾನು ದೂರುವುದಿಲ್ಲ, ಮರ ಸತ್ತರೆ ಹತ್ತು ವರ್ಷದ ದುಡಿಮೆ ಹೋಯಿತಲ್ವಾ. ಆದರೆ ಒಬ್ಬರ ಬೋರ್ ಆಳಕ್ಕೆ ಹೋದಾಗ ನೆರೆಕರೆಯವರ ಬಾವಿ ಬತ್ತುತ್ತದೆ. ಅವರು ಇನ್ನೂ ಆಳಕ್ಕೆ ಕೊರೆಸುತ್ತಾರೆ. ವರ್ಷಕ್ಕೆ ಸುಮಾರು 3,500 ಮಿ.ಮೀ. ಮಳೆ ಬೀಳುವ ಜಿಲ್ಲೆ ಇದು. ಆದರೂ ಕೇಂದ್ರ ಅಂತರ್ಜಲ ಮಂಡಳಿಯ 2017ರ ಲೆಕ್ಕದಲ್ಲಿ ಕಾಸರಗೋಡು ಬ್ಲಾಕ್ ಗಂಭೀರ ಸ್ಥಿತಿಯ ಪಟ್ಟಿಯಲ್ಲಿತ್ತು.

ಇದಕ್ಕೆ ಕಾನೂನಿನ ಬೇರೂ ಇದೆ. ನಿಮ್ಮ ಜಾಗದ ಅಡಿಯ ನೀರನ್ನು ನೀವು ತೆಗೆದುಕೊಳ್ಳಬಹುದು ಎಂಬ ಹಕ್ಕು 1882ರ ಅನುಭೋಗ ಹಕ್ಕುಗಳ ಕಾಯ್ದೆಯಲ್ಲೇ ಇದೆ. ಜಾಗಕ್ಕೆ ಬೇಲಿ ಹಾಕಬಹುದು, ಅಡಿಯ ನೀರಿಗೆ ಬೇಲಿ ಎಲ್ಲಿಂದ? ಕೇರಳ ಅಂತರ್ಜಲ ನಿಯಂತ್ರಣಕ್ಕೆ ಕಾಯ್ದೆ ತಂದದ್ದು 2002ರಲ್ಲಿ. ಅಷ್ಟರೊಳಗೆ ಗುಡ್ಡೆಗಳಿಗೆ ಸಾಕಷ್ಟು ತೂತು ಬಿದ್ದಾಗಿತ್ತು.

1968ರಲ್ಲಿ ಅಮೆರಿಕದ ಗ್ಯಾರೆಟ್ ಹಾರ್ಡಿನ್ ಎಂಬ ವಿಜ್ಞಾನಿ ಇಂಥ ಕಥೆಯನ್ನೇ ಹುಲ್ಲುಗಾವಲಿನ ಉದಾಹರಣೆ ಕೊಟ್ಟು ಬರೆದರು. ಎಲ್ಲರದ್ದೂ ಆದ ಹುಲ್ಲುಗಾವಲಿಗೆ ಪ್ರತಿಯೊಬ್ಬರೂ ಇನ್ನೊಂದು ದನ ಬಿಡುತ್ತಾರೆ, ಕೊನೆಗೆ ಯಾರ ದನಕ್ಕೂ ಹುಲ್ಲಿಲ್ಲ. ಸರಕಾರ ಹಿಡಿತದಲ್ಲಿಡಬೇಕು, ಇಲ್ಲವೇ ಖಾಸಗಿಗೆ ಹಂಚಬೇಕು ಎಂಬುದು ಅವರ ವಾದ. ಅಮೆರಿಕದವರೇ ಆದ ಸಂಶೋಧಕಿ ಎಲಿನೋರ್ ಆಸ್ಟ್ರಂ ಇದನ್ನು ಒಪ್ಪಲಿಲ್ಲ. ಅವರ ಪಿಎಚ್‌ಡಿ ಅಧ್ಯಯನವೇ ಅಂತರ್ಜಲದ ಬಗ್ಗೆ. ಕ್ಯಾಲಿಫೋರ್ನಿಯಾದ ಕರಾವಳಿಯಲ್ಲಿ ಅತಿಯಾಗಿ ಪಂಪ್ ಮಾಡಿ ಬಾವಿಗಳಿಗೆ ಉಪ್ಪುನೀರು ನುಗ್ಗುತ್ತಿತ್ತು. ನೀರು ಎತ್ತುವವರೇ ಒಟ್ಟು ಕುಳಿತು ಮಾತಾಡಿ ಮಿತಿ ಹಾಕಿಕೊಂಡದ್ದನ್ನು ಅವರು ಕಂಡರು. 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಮೊದಲ ಮಹಿಳೆ ಅವರು.

ನಮಗೆ ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ನಮ್ಮ ಜಿಲ್ಲೆಯದೇ ಏತಡ್ಕದ ತೋಡಿನಲ್ಲಿ, ಅಂದರೆ ಹಳ್ಳದಲ್ಲಿ, ಸಾಲಾಗಿ ಕಟ್ಟಗಳಿವೆ. ಮಳೆ ನಿಂತು ಹರಿವು ಇಳಿದ ಮೇಲೆ ತೋಟದವರು ಸೇರಿ ತೋಡಿಗೆ ಅಡ್ಡ ಕಟ್ಟುತ್ತಾರೆ. ಕಲ್ಲು, ಮಣ್ಣು, ಈಗೀಗ ಪ್ಲಾಸ್ಟಿಕ್ ಹಾಳೆ. ಒಂದು ಕಟ್ಟ ತುಂಬಿ ಮಿಕ್ಕದ್ದು ಕೆಳಗಿನ ಕಟ್ಟಕ್ಕೆ. ನಿಂತ ನೀರು ಇಂಗಿ ಅಕ್ಕಪಕ್ಕದ ಬಾವಿಗಳಿಗೆ ಬರುತ್ತದೆ, ಕಟ್ಟದ ಕೆಲಸಕ್ಕೆ ಬಾರದವರ ಬಾವಿಗೂ. ಮಳೆಗಾಲದ ಮೊದಲು ಬಿಚ್ಚಬೇಕು, ಮುಂದಿನ ವರ್ಷ ಮತ್ತೆ ಕಟ್ಟಬೇಕು. ಅದಕ್ಕೆ ಪ್ರತಿವರ್ಷವೂ ಮನೆಮನೆಗೆ ಹೋಗಿ, "ನಾಳೆ ಬೆಳಿಗ್ಗೆ ಕಟ್ಟದ ಹತ್ತಿರ ಬನ್ನಿ" ಎಂದು ಹೇಳುವವರೊಬ್ಬರು ಬೇಕು.